ಮರ್ಜಣ್ಣನ ಎರಡು ಪ್ಲಸ್ಸಿನ ಸಾಲು

ಸಾರಿಗೆ ಕಚೇರಿಯಲ್ಲಿ ಅವಳ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ಮರ್ಜಣ್ಣ. ಬಸ್ಸುಗಳ ವೇಳಾಪಟ್ಟಿಯ ಪ್ರೋಗ್ರಾಮನ್ನು ಮೇಲಿನ ಮಹಡಿಯವರು ತಮ್ಮ ಪ್ರತಿಯಲ್ಲಿ ತಿದ್ದುತ್ತಿದ್ದರು, ಕೆಳಗಿನವರು ತಮ್ಮದರಲ್ಲಿ. ಎರಡು ಮಹಡಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇಬ್ಬರದನ್ನೂ ಸೇರಿಸಿ ಒಂದು ಮಾಡುವ ಮರ್ಜ್ ಕೆಲಸ ಅಪ್ಪನ ತಲೆಗೆ ಕಟ್ಟಿದ್ದರು. ಸಂಜೆ ಮುಖ ಬಾಡಿಸಿಕೊಂಡು ಬರುತ್ತಿದ್ದ. ಆದರೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಒಂದು ಸುತ್ತು ಹಾಕದೆ ಬೂಟು ಬಿಚ್ಚಿದವನಲ್ಲ. ಎಂಥ ಸಂಜೆಗಳವು!

ಅಪ್ಪ ತೀರಿಕೊಂಡ ಮೇಲೆ ಅವಳೂ ಅದೇ ಕಚೇರಿ ಸೇರಿದಳು. ಮೊದಲು ಮಾಡಿದ ಕೆಲಸವೆಂದರೆ ಯಾರು ಯಾವಾಗ ಏನು ತಿದ್ದಿದರೆಂಬ ಪ್ರೋಗ್ರಾಮಿನ ಹಳೆಯ ಇತಿಹಾಸ ತೆರೆದು ಅಪ್ಪನನ್ನು ಹುಡುಕಿದ್ದು. ಹೆಸರೇನೋ ಸಾಲುಸಾಲಾಗಿ ಬಂತು. ಬದಲಾವಣೆ ಕಾಣಬೇಕಾದ ಜಾಗ ಮಾತ್ರ ಎಲ್ಲ ಕಡೆಯೂ ಖಾಲಿ. ಪಕ್ಕದ ಕುರ್ಚಿಯವನ ಬಾಯಿಗೆ ಬೀಗವಿಲ್ಲ. "ಮರ್ಜಣ್ಣ ಏನ್ ಬರೆದ್ರು? ಬರೀ ಗುಂಡಿ ಒತ್ತಿದ್ರು ಅಷ್ಟೇ," ಎಂದು ನಕ್ಕ. ಇಡೀ ಆಯುಷ್ಯ ಇಲ್ಲಿ ಸವೆಸಿದವನದು ಒಂದು ಸಾಲೂ ಇಲ್ಲವೇ?

ಅಪ್ಪನ ಜೊತೆ ದುಡಿದಿದ್ದ ಕೆಳಮಹಡಿಯ ಮೇಡಂ ಮುಂದೆ ಅತ್ತೇಬಿಟ್ಟಳು.

"ಅಯ್ಯೋ ಹುಚ್ಚಿ, ಮರ್ಜ್ ಒಳಗೇನಿದೆ ಅಂತ ಅದು ತಾನಾಗಿ ಬಾಯಿ ಬಿಡಲ್ಲ ಕಣೇ. ಒಂದೊಂದನ್ನೇ ತೆಗೆದು ಕೇಳ್ಬೇಕು. ಆಗಲೂ ಒಂದು ಕಡೆಯವರದ್ದನ್ನ ಹಾಗೇ ಇಟ್ಕೊಂಡಿದ್ರೆ ತೋರಿಸಲ್ಲ. ಸಾಲಿನ ಮುಂದೆ ಎರಡು ಪ್ಲಸ್ ಗುರುತು ಇದೆಯಾ ನೋಡು. ಅದು ಮೇಲಿನವರದ್ದೂ ಅಲ್ಲ, ಕೆಳಗಿನವರದ್ದೂ ಅಲ್ಲ. ನಿಮ್ಮಪ್ಪಂದೇ."

ಒಂದೊಂದೇ ತೆರೆಯುತ್ತ ಹೋದಳು. ಬಹಳಷ್ಟು ಖಾಲಿಯೇ. ಕೊನೆಗೊಂದು ಸಿಕ್ಕಿತು: ಆಸ್ಪತ್ರೆ ನಿಲ್ದಾಣದ ಕಡೇ ಬಸ್ಸು. ಮೇಲಿನವರು ನಿಲ್ದಾಣವನ್ನೇ ಕಿತ್ತುಹಾಕಿದ್ದರು, ಕೆಳಗಿನವರು ಬಸ್ಸನ್ನು ಬೇಗ ಹೊರಡಿಸಿದ್ದರು. ಎರಡು ಪ್ಲಸ್ಸಿನ ಸಾಲಿನಲ್ಲಿ ನಿಲ್ದಾಣವೂ ಉಳಿದಿತ್ತು, ಪಾಳಿ ಮುಗಿಸಿದ ನರ್ಸುಗಳು ಬರುವ ತನಕ ಬಸ್ಸು ಕಾಯಬೇಕೆಂದೂ ಇತ್ತು.

ಅಮ್ಮ ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಮಗಳು ಕೂಡಲೇ ಅಮ್ಮನಿಗೆ ಫೋನ್ ಮಾಡಿ ಸಾಲನ್ನು ಓದಿ ಹೇಳಿದಳು.

"ನಿಂಗೆ ಗೊತ್ತಿತ್ತಾ ಅಮ್ಮ?"



"ಇಲ್ವಲ್ಲೇ. ಆ ಡ್ರೈವರ್ ಎಂಥಾ ದೇವರಂಥ ಮನುಷ್ಯ, ನಮಗೋಸ್ಕರ ಕಾಯ್ತಾನೆ ಅಂತ ನಿಮ್ಮಪ್ಪನ ಮುಂದೇನೇ ಹೊಗಳ್ತಿದ್ದೆ. ಹೌದಾ, ಒಳ್ಳೆಯವನೇ ಇರ್ಬೇಕು ಬಿಡು, ಅಂತಿದ್ರು."