ತಮ್ಮನಿಗೆಂದು ಎತ್ತಿಟ್ಟ ಎಣ್ಣೆ

ಇಸ್ತ್ರಿಯಣ್ಣ ನಮ್ಮ ಬೀದಿಗೆ ಬಂಡಿ ತಂದು ನಿಲ್ಲಿಸಿದ ದಿನವೇ ಅವನ ಅಕ್ಕನ ವಿಷಯ ಎಲ್ಲರಿಗೂ ಗೊತ್ತಾಯಿತು. ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಗಾಳಿ ಬೀಸುತ್ತಾ, "ಅಮ್ಮ ಹೆತ್ತಳು, ಅಷ್ಟೇ. ಸಾಕಿದ್ದು ನಮ್ಮಕ್ಕ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ್ದ. ನರಕ ಚತುರ್ದಶಿಯ ಬೆಳಗ್ಗೆ ಅವನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತುತ್ತಿದ್ದವಳು ಆಕೆಯೇ. ಮದುವೆಯಾಗಿ ಹೊರದೇಶಕ್ಕೆ ಹೋದ ಮೇಲೆ ಆ ಮಣೆ ಖಾಲಿ ಉಳಿಯಿತು.

ಇವನ ತಲೆಯೂ ನರೆತ ಮೇಲೆ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ಅಮ್ಮನಿಗೆ ಮರೆವು ಜಾಸ್ತಿ ಆಗಿದೆ. ದೀಪಾವಳಿಗೆ ಬಂದುಬಿಡಿ. ನಿಮ್ಮನ್ನ ನೋಡಿದ್ರೆ ಗುರುತು ಹಿಡೀಬಹುದು." ಟಿಕೆಟ್ಟನ್ನೂ ಅವಳೇ ಕಳಿಸಿದಳು. ಅಕ್ಕ ಒಮ್ಮೆ "ಪುಟ್ಟ" ಎಂದು ಕರೆದರೆ ಸಾಕು ಎಂಬ ಒಂದೇ ಆಸೆ ಹೊತ್ತು ಇಸ್ತ್ರಿಯಣ್ಣ ವಿಮಾನ ಹತ್ತಿದ.

ಅಲ್ಲಿ ಬೀದಿಯಲ್ಲಿ ಹಬ್ಬದ ಸುಳಿವೇ ಇರಲಿಲ್ಲ. ಜನ ಕೊಡೆ ಹಿಡಿದು ತಮ್ಮ ಪಾಡಿಗೆ ಕೆಲಸಕ್ಕೆ ಹೊರಟಿದ್ದರು.

"ಏನ್ ಮಾವ, ಈ ಷರಟಿನ ಗೆರೇಲಿ ಸೇಬು ಹೆಚ್ಚಬಹುದು!" ಎಂದು ಅಕ್ಕನ ಮಗಳು ದಾರಿಯಲ್ಲಿ ನಗಿಸಲು ನೋಡಿದಳು.

"ಸುಕ್ಕು ಕಂಡ್ರೆ ನಿಮ್ಮಮ್ಮ ಬೈತಾಳೆ ಕಣಮ್ಮ. ಗುರುತು ಹಿಡಿದು ಬೈದ್ರೆ ಅದೂ ಸರಿನೇ."

ಅಕ್ಕನಿದ್ದ ವೃದ್ಧರ ಆರೈಕೆಮನೆಯಲ್ಲಿ ಬೆಂಕಿ ಹಚ್ಚುವಂತಿರಲಿಲ್ಲ. ದಾದಿ ಕಿಟಕಿಯಲ್ಲಿ ಸೆಲ್ಲಿನ ದೀಪಗಳನ್ನು ಸಾಲಾಗಿಟ್ಟಿದ್ದಳು. ಅವು ಅಲುಗದೆ ಉರಿಯುತ್ತಿದ್ದವು. ಇಸ್ತ್ರಿಯಣ್ಣ ಬೆಚ್ಚಗೆ ಮಾಡಿ ತಂದ ಎಣ್ಣೆಯ ಬಟ್ಟಲನ್ನು ಅಕ್ಕನ ಕೈಗಿಟ್ಟು, ಕೋಟು ಬಿಚ್ಚಿ, ಆಕೆಯ ಕುರ್ಚಿಯ ಮುಂದೆ ನೆಲದ ಮೇಲೆ ತಲೆ ಬಗ್ಗಿಸಿ ಕುಳಿತ.

ಆಕೆ ಎಣ್ಣೆ ಮೂಸಿದಳು. ಬೆರಳು ಅದ್ದಿದಳು. ಮುಖ ಅರಳಿತು. "ಇವತ್ತು ಹಬ್ಬ ಅಲ್ವೇನೇ?" ಎಂದು ಮಗಳನ್ನು ಕೇಳಿದಳು. ಆಮೇಲೆ ಕೆಳಗೆ ನೋಡಿ, ಬಟ್ಟಲನ್ನು ಎದೆಗವಚಿಕೊಂಡಳು.

"ಯಾರಪ್ಪ ನೀನು? ಏಳು, ಏಳು. ಇದು ನಮ್ಮ ಪುಟ್ಟನಿಗೆ. ಅವನಿಗೆ ಹಚ್ಚೋಕೆ ಮುಂಚೆ ಬೇರೆಯವರಿಗೆ ಕೊಡಲ್ಲ."

"ಅಮ್ಮಾ, ಇವರೇ ಪುಟ್ಟ!"

"ಸುಮ್ನಿರೇ ಸಾಕು. ಅವನು ಇಷ್ಟೇ ಇದಾನೆ" ಎಂದು ಆಕೆ ಕುರ್ಚಿಯ ತೋಳಿನಷ್ಟು ಎತ್ತರ ತೋರಿಸಿದಳು.

ಮಗಳು ಮತ್ತೆ ಬಾಯಿ ತೆರೆದಾಗ ಇಸ್ತ್ರಿಯಣ್ಣ ಬೇಡವೆಂದು ಕೈಸನ್ನೆ ಮಾಡಿದ. "ಆಯ್ತಮ್ಮ, ಅವನೇ ಬರಲಿ" ಎಂದು ಎದ್ದು ಕೋಟು ಹಾಕಿಕೊಂಡ. ಸಂಜೆಯವರೆಗೂ ಆಕೆ ಬಟ್ಟಲು ಬಿಡಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅತ್ತ ನೋಡುತ್ತಿದ್ದಳು.

ಈಗ ಅವನು ಬಂಡಿಯ ಮೇಲೆ ಫೋನಿಟ್ಟುಕೊಂಡೇ ಬಟ್ಟೆ ಮಡಿಸುತ್ತಾನೆ. ಭಾನುವಾರ ಅಕ್ಕನ ಮಗಳು ಕರೆ ಮಾಡಿ ಫೋನನ್ನು ತಾಯಿಯ ಕೈಗೆ ಕೊಡುತ್ತಾಳೆ.

"ಪುಟ್ಟ ಬಂದನೇನಪ್ಪ?"

"ಹೊರಟಿದಾನಮ್ಮ, ದಾರೀಲಿದಾನೆ" ಎಂದು ಹೇಳಿ, ಅವನು ಇನ್ನೊಂದು ಷರಟು ಹಾಸಿ ನೀರು ಚಿಮುಕಿಸುತ್ತಾನೆ.