‘ಪಿ’ ಅಕ್ಷರದ ಎರಡು ಮನೆ

ಥಂಡರ್ ಬೇ ಪಟ್ಟಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಳೆಯ ವಸತಿ ಕಟ್ಟಡದ ಮೂರನೆಯ ಮಹಡಿಯಲ್ಲಿ, ಹಾಸಿಗೆ ಪಕ್ಕದ ದೀಪದೆದುರು ಇರ್ಮಾ ಲಾಹ್ಟಿ ಮಂಡಿಯೂರಿ ಕಾಯುತ್ತಿದ್ದಾರೆ. ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಮನೆಯೊಡತಿ ಸೊಲಾಂಜ್ ಪೆಲ್ಟಿಯೆ. ಯಾರೂ ಮುಟ್ಟದ ದೀಪ ತಟ್ಟನೆ ಹತ್ತಿಕೊಳ್ಳುತ್ತದೆ.

"ನೋಡಿದ್ಯಲ್ಲ? ಇದನ್ನ ಹೇಳಿದ್ರೆ ಅಮ್ಮಂಗೆ ಅರುಳುಮರುಳು ಅಂತಾನೆ ಮಗ ಜೀಲ್. ಮಧ್ಯಾಹ್ನ ಬರ್ತಾನೆ, ವೃದ್ಧಾಶ್ರಮಕ್ಕೆ ಸೇರಿಸೋಕೆ," ಎನ್ನುತ್ತಾರೆ ಸೊಲಾಂಜ್. ಈ ಮನೆ ಬಿಡಲು ಅವರಿಗೆ ಸುತರಾಂ ಮನಸ್ಸಿಲ್ಲ.

ಇರ್ಮಾ ಈ ಕಟ್ಟಡದ ಎಲೆಕ್ಟ್ರಿಷಿಯನ್. ಮೊದಲು ಕಾಗದದ ಗಿರಣಿಯಲ್ಲಿದ್ದರು. "ಮೊದಲ ದಿನವೇ ಒಬ್ಬ ಕೇಳಿದ, ಏನಮ್ಮಾ, ಕಾಫಿ ಮಾಡೋಕೆ ಬಂದ್ಯಾ ಅಂತ. ಹೌದಪ್ಪಾ, ಆದ್ರೆ ಮೊದಲು ನೀನು ಸುಟ್ಟ ಮೋಟರು ರಿಪೇರಿ ಮಾಡ್ತೀನಿ ಅಂದೆ," ಎಂದು ಇವತ್ತಿಗೂ ಹೇಳುತ್ತಾರೆ. ಗಿರಣಿ ಮುಚ್ಚಿತು. ಈಗ ಅವರ ಮಂಡಿ ನೋಯುತ್ತದೆ, ಹಟ ಮಾತ್ರ ಹಾಗೇ ಇದೆ.

ಇಲ್ಲಿನ ವೃದ್ಧರಿಗೆ ಕೂತಲ್ಲಿಂದಲೇ ದೀಪ ಹತ್ತಿಸುವ ರಿಮೋಟ್ ಕೂಡಿಸಿಕೊಟ್ಟವರು ಅವರೇ. ಪ್ರತಿ ಸ್ವಿಚ್ಚಿಗೂ ಎರಡು ಪುಟ್ಟ ತಿರುಗಣೆ. ಒಂದರಲ್ಲಿ ‘ಎ’ಯಿಂದ ‘ಪಿ’ವರೆಗಿನ ಅಕ್ಷರ, ಅದು ಮನೆಯ ವಿಳಾಸ. ಇನ್ನೊಂದರಲ್ಲಿ ದೀಪದ ಸಂಖ್ಯೆ. ರಿಮೋಟ್ ಕೂಗುವ ಅಕ್ಷರ, ಸಂಖ್ಯೆ ಎರಡೂ ಹೊಂದಿದರೆ ಮಾತ್ರ ಸ್ವಿಚ್ಚು ಓಗೊಡುತ್ತದೆ. ಆ ಕೂಗಿಗೆ ಗೋಡೆ ಅಡ್ಡಬರುವುದಿಲ್ಲ.

ನೆನಪಿರಲೆಂದು ಇರ್ಮಾ ಕೊಡುವುದು ಮನೆತನದ ಮೊದಲ ಅಕ್ಷರ. ತಿರುಗಣೆಯಲ್ಲಿ ‘ಡಬ್ಲ್ಯು’ ಇಲ್ಲದೆ ಯಾವುದೋ ಮಿಕ್ಕ ಅಕ್ಷರ ಸಿಕ್ಕಿದ್ದಕ್ಕೆ ಕೆಳಮಹಡಿಯ ವೊಯ್ಚಿಕ್ ಇವತ್ತಿಗೂ ಗೊಣಗುತ್ತಾರೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಕಾಫಿಯ ವಾಸನೆ. ಇರ್ಮಾ ಹಣೆ ಚಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಹೊಸದಾಗಿ ಬಂದವರು ರೇನೋ ಪುಲ್ಕಿನೆನ್. ಕೋಳಿಗಿಂತ ಮೊದಲೇ ಏಳುವ ಮನುಷ್ಯ. ಇಲ್ಲಿಯ ಹಾಗೆ ಅವರಿಗೂ ‘ಪಿ’, ಅವರ ಹಾಸಿಗೆಯ ದೀಪಕ್ಕೂ ಸಂಖ್ಯೆ ಒಂದು. ಅವರು ಗುಂಡಿ ಒತ್ತಿದರೆ ಇಲ್ಲಿಯ ದೀಪವೂ ಹತ್ತುತ್ತದೆ.

"ತಪ್ಪು ನಂದು ಸೊಲಾಂಜ್. ಸರಿ ಮಾಡದೆ ಇಲ್ಲಿಂದ ಏಳಲ್ಲ. ಯಾವ ಅಕ್ಷರ ಬೇಕು ಹೇಳು."

"‘ಎಫ್’. ನಮ್ಮ ಯಜಮಾನ್ರು ಫರ್ನಾಂಡ್."

ಮನೆಯ ಸ್ವಿಚ್ಚುಗಳ ಮೇಲೆಲ್ಲ ಬಣ್ಣ ಬಳಿದವರು ತಿರುಗಣೆಗಳನ್ನೂ ಬಿಟ್ಟಿಲ್ಲ. ಇರ್ಮಾ ಸೂಜಿಯಿಂದ ಕೆರೆದು, ಒಂದೊಂದನ್ನೇ ತಿರುಗಿಸುತ್ತಾರೆ. ಕೊನೆಗೆ ರಿಮೋಟನ್ನೂ ‘ಎಫ್’ಗೆ ತರುತ್ತಾರೆ. ಬೆರಳ ತುದಿ ಕಿತ್ತು ರಕ್ತ ಬಂದರೂ ನಿಲ್ಲಿಸುವುದಿಲ್ಲ.

ಮಧ್ಯಾಹ್ನ ಜೀಲ್ ಕಾರಿನ ಕೀಲಿ ಹಿಡಿದೇ ಒಳಗೆ ಬರುತ್ತಾರೆ. ಇರ್ಮಾ ಅವರನ್ನು ದೀಪದ ಮುಂದೆ ನಿಲ್ಲಿಸಿ, ಸ್ವಿಚ್ಚನ್ನು ಮತ್ತೆ ‘ಪಿ’ಗೆ ತಿರುಗಿಸಿ, ಪಕ್ಕದ ಮನೆಗೆ ಹೋಗಿ ಅಲ್ಲಿನ ರಿಮೋಟಿನ ಗುಂಡಿ ಒತ್ತುತ್ತಾರೆ. ಸೊಲಾಂಜ್ ಅವರ ದೀಪ ಹತ್ತುತ್ತದೆ. ವಾಪಸು ಬಂದು, ದೀಪ ಆರಿಸಿ, ‘ಎಫ್’ಗೆ ತಿರುಗಿಸಿ ಮತ್ತೆ ಹೋಗುತ್ತಾರೆ.

"ಹತ್ತಿತಾ?" ಗೋಡೆಯಾಚೆಯಿಂದ ಕೂಗು.

"ಇಲ್ಲ," ಎನ್ನುತ್ತಾರೆ ಜೀಲ್. ಆರಿದ ದೀಪವನ್ನು ನೋಡಿ, ಕೀಲಿಯನ್ನು ಜೇಬಿಗಿಳಿಸುತ್ತಾರೆ. "ಕಾಫಿ ಇದೆಯೇನಮ್ಮಾ?"

ಮನೆಯ ಹೊರಗಿನ ಕಾರಿಡಾರಿನಲ್ಲಿ ಇರ್ಮಾ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾರೆ. "ದೀಪ ಹತ್ತಿಸಿಕೊಟ್ರೆ ಎಲ್ಲರೂ ಥ್ಯಾಂಕ್ಸ್ ಅಂತಾರೆ. ಹತ್ತದೇ ಇರೋ ಹಾಗೆ ಮಾಡಿದ್ದು ಯಾರ ಕಣ್ಣಿಗೂ ಬೀಳಲ್ಲ. ಇವತ್ತು ಜೀಲ್ ಕಣ್ಣಿಗೆ ಬಿತ್ತು. ನಂಗಷ್ಟು ಸಾಕು."