ಅಪ್ಪನ ತಲೆಗೆ ಮುಟ್ಟದ ಕಾಗೆ

ಅಪ್ಪ ತೀರಿಕೊಂಡರೆಂದು ನಾನು ನಿಮಗೆ ಬರೆದ ದಿನ ಅಪ್ಪ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಸುಳ್ಳು ಬರೆದೆ. ಗೊತ್ತಿದ್ದೇ ಬರೆದೆ. ನೀವು ಕಳಿಸಿದ ಸಾಂತ್ವನದ ಮಾತುಗಳನ್ನೆಲ್ಲ ಅವರು ಮಾಡಿಕೊಟ್ಟ ಕಾಫಿ ಕುಡಿಯುತ್ತಲೇ ಓದಿದೆ.

ಈ ನ್ಯೂಸ್‌ಲೆಟರಿಗೆ ಹೊಸದಾಗಿ ಸೇರಿದವರಿಗೆ ಇದು ತಿಳಿಯಲಿಕ್ಕಿಲ್ಲ, ಹೇಳುತ್ತೇನೆ. ನಾನು ಲಿನೋ ಎಂಬ ಮೆತ್ತನೆಯ ಹಾಳೆ ಕೆತ್ತಿ, ಮಸಿ ಬಳಿದು, ಕಾಗದದ ಮೇಲೆ ಚಿತ್ರ ಅಚ್ಚೊತ್ತುವವಳು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಡಿಸೈನರ್ ಆಗಿದ್ದೆ, ಕೆಲಸ ಹೋಯಿತು. ಇನ್ನು ಚಿತ್ರವೇ ಬದುಕು ಎಂದು ಹಟ ಹಿಡಿದು ಚಿಕ್ಕಬಾಣಾವರದ ಅಪ್ಪನ ಮನೆಗೆ ಬಂದು ಕೂತೆ. ಅಮ್ಮ ಹೋಗಿ ವರ್ಷಗಳಾಗಿದ್ದವು, ಮನೆಯಲ್ಲಿ ನಾವಿಬ್ಬರೇ. ಅಪ್ಪ ಪೀಣ್ಯದ ಕಡೆ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಓಡಿಸಿ ನಿವೃತ್ತರಾದವರು. ಹೆಸರು ರಾಮಣ್ಣ.

ಗ್ಯಾಲರಿಯವರು ಯಾರೂ ಉತ್ತರ ಕೊಡಲಿಲ್ಲ. "ನ್ಯೂಸ್‌ಲೆಟರ್ ಶುರು ಮಾಡೇ, ಜನ ನೇರ ನಿನ್ನ ಹತ್ರಾನೇ ಬರ್ತಾರೆ" ಎಂದಳು ಗೆಳತಿ. ಮಾಡಿದೆ — ಪ್ರತಿ ಭಾನುವಾರ, ಇಂಗ್ಲಿಷಿನಲ್ಲಿ. ಕಾಗದದ ಬಗ್ಗೆ ಬರೆದೆ, ಮಸಿಯ ಬಗ್ಗೆ ಬರೆದೆ, ಉಳಿ ಜಾರಿ ಬೆರಳು ಕೊಯ್ದದ್ದನ್ನೂ ಬರೆದೆ. ತೆರೆದು ಓದಿದವರು ಬೆರಳೆಣಿಕೆಯಷ್ಟು, ಅವರಲ್ಲೊಬ್ಬಳು ನಾನೇ. ಫೋನ್ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು — ಹುಚ್ಚಿಯಂತಾಗಿದ್ದೆ. ಅಪ್ಪ ಬಡಿಸಿದ ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ನನ್ನನ್ನು ಯಾರಾದರೂ ನೋಡಿ, ಯಾರಾದರೂ... ಅಷ್ಟೇ ಬೇಕಾಗಿತ್ತು ನನಗೆ.

ಅಪ್ಪನ ಖಾಕಿ ಅಂಗಿಯ ಚಿತ್ರ ನಿಮಗೆ ನೆನಪಿರಬಹುದು. ಗಿಡಕ್ಕೆ ನೀರು ಹಾಕುವಾಗ ಅದನ್ನೇ ತೊಡುತ್ತಿದ್ದರು. "ಅಪ್ಪ, ಅಂಗಿ ಬಿಚ್ಚಿ ಕೊಡಿ, ಚಿತ್ರ ಬರೀಬೇಕು" ಎಂದೆ. ಚಳಿಗಾಲದ ಬೆಳಿಗ್ಗೆ. ನನ್ನದು ಮುಗಿಯುವವರೆಗೆ ಬರೀ ಬನಿಯನ್ನಿನಲ್ಲಿ ಕೈ ಕಟ್ಟಿಕೊಂಡು ಕೂತರು, ಒಂದು ಸಲವೂ ಆಯಿತೇ ಎಂದು ಕೇಳಲಿಲ್ಲ. ಆ ಚಿತ್ರದ ಕೆಳಗೆ ನಾನು ಬರೆದ ವಾಕ್ಯ: "ಅಪ್ಪ ಹೋದ ಮೇಲೂ ಇದು ಮೊಳೆಯಲ್ಲೇ ತೂಗುತ್ತಿದೆ."

ಅದೊಂದು ವಾಕ್ಯ ಹೇಗೆ ಬಂತು — ಇಲ್ಲ, ತಾನಾಗಿ ಬರಲಿಲ್ಲ. ಮೊದಲು "ಅಪ್ಪ ನಿವೃತ್ತರಾದ ಮೇಲೂ" ಎಂದು ಬರೆದಿದ್ದೆ. ಸಪ್ಪೆ ಅನ್ನಿಸಿತು. ಅಳಿಸಿದೆ.

ಆ ವಾರ ನೀವೆಲ್ಲ ಬಂದಿರಿ. ಒಬ್ಬರಿಂದೊಬ್ಬರಿಗೆ ಹೋಯಿತು ಪತ್ರ, ಅಂಗಿಯ ಪ್ರತಿಗಳೆಲ್ಲ ಮಾರಾಟವಾದವು. ನಿಮ್ಮಲ್ಲೊಬ್ಬರು, ತೀರಿಹೋದ ತಂದೆಯ ಕನ್ನಡಕವನ್ನು ಇನ್ನೂ ದಿನಾ ಒರೆಸಿಡುತ್ತೇನೆ ಎಂದು ಬರೆದಿದ್ದಿರಿ. ನಾನು ಉತ್ತರಿಸಿದೆ, ನನಗೂ ಹಾಗೇ ಎಂದು. ಎಲ್ಲಕ್ಕಿಂತ ಅಸಹ್ಯವಾದದ್ದು ಆ ಉತ್ತರವೇ ಇರಬೇಕು.

ಇಂಗ್ಲಿಷಿನಲ್ಲಿ ಬರೆದದ್ದು ಚಿಕ್ಕಬಾಣಾವರಕ್ಕೆ ಹೇಗೆ ತಲುಪೀತು ಎಂಬ ಧೈರ್ಯ ನನಗಿತ್ತು. ಆದರೆ ಅಪ್ಪನ ಕಾರ್ಖಾನೆಯ ಗೆಳೆಯ ಪುಟ್ಟಸ್ವಾಮಿ ಅಂಕಲ್ ಸೊಸೆಗೆ ಬೆಳ್ಳಂದೂರಿನ ಆಫೀಸಿನಲ್ಲಿ ಯಾರೋ ಅದನ್ನು ಕಳಿಸಿದ್ದರು. ಅವಳು ನನ್ನ ಹೆಸರು ನೋಡಿ ಮಾವನಿಗೆ ಹೇಳಿದಳು. ಅಪ್ಪನ ಶಿಫ್ಟಿನ ಗೆಳೆಯರಲ್ಲಿ ಒಂದು ಮಾತಿತ್ತು: ಯಾರು ಮೊದಲು ಹೋದರೂ ಉಳಿದವರು ಹೆಗಲು ಕೊಡಬೇಕು. ಮರುದಿನ ಬೆಳಿಗ್ಗೆ ಎಲ್ಲರೂ ಆಟೋಗಳಲ್ಲಿ ಬಂದಿಳಿದರು. ಕೈಯಲ್ಲಿ ಸೇವಂತಿಗೆ ಹಾರ. ಬಾಗಿಲು ತೆಗೆದದ್ದು ಅಪ್ಪ.

"ಇದೇನ್ಲಾ ರಾಮಣ್ಣ... ನೀನು ಇಂಗೆ ನಿಂತಿದ್ದೀಯ?" ಪುಟ್ಟಸ್ವಾಮಿ ಅಂಕಲ್ ಗೋಡೆ ಹಿಡಿದುಕೊಂಡರು. "ನಿನ್ ಮಗಳೇ ಬರ್ದವ್ಳಂತಲ್ಲೋ, ಹೋಗ್ಬಿಟ್ಟೆ ಅಂತ!"

ಅಪ್ಪ ತಿರುಗಿ ನನ್ನನ್ನು ನೋಡಿದರು. ಆಮೇಲೆ ಅವರು ನಕ್ಕರು.

"ಕಾಗೆ ಮುಟ್ತು ಕಣಯ್ಯಾ ತಲೆಗೆ. ನಾನೇ ಬರಿ ಅಂದೆ."

ನಮ್ಮ ಕಡೆಯ ನಂಬಿಕೆ ಅದು. ಕಾಗೆ ತಲೆಗೆ ಮುಟ್ಟಿದರೆ ಸಾವಿನ ಸೂಚನೆ. ಸತ್ತರೆಂದು ಸುಳ್ಳು ಸುದ್ದಿ ಕಳಿಸಿ, ಬೇಕಾದವರು ಒಂದು ಸಲ ಅತ್ತುಬಿಟ್ಟರೆ ದೋಷ ಕಳೆದು ಆಯಸ್ಸು ಗಟ್ಟಿಯಾಗುತ್ತದೆ. ಆದರೆ ಅಪ್ಪ ಇದನ್ನೆಲ್ಲ ನಂಬಿದವರೇ ಅಲ್ಲ. "ರಾಹುಕಾಲ ನೋಡ್ಕೊಂಡು ಮಿಷಿನ್ ಆನ್ ಮಾಡ್ತೀಯೇನಯ್ಯಾ?" ಎಂದು ಇದೇ ಗೆಳೆಯರನ್ನು ಜೀವಮಾನವಿಡೀ ರೇಗಿಸಿದವರು. ಅವರೆಲ್ಲ ಕಣ್ಣೊರೆಸಿಕೊಂಡು ಕೇಕೆ ಹಾಕಿ ನಕ್ಕರು. ರಾಮಣ್ಣನೂ ಕೊನೆಗೆ ದಾರಿಗೆ ಬಂದ! ಅಂದಿನಿಂದ ಅಪ್ಪನ ಹೆಸರು ಕಾಗೆ. ಪಾರ್ಕಿನಲ್ಲಿ, ಬೇಕರಿಯ ಮುಂದೆ, ಫೋನಿನಲ್ಲಿ — ಕಾಗೆ ಬಂತು, ಕಾಗೆ ಹೋಯ್ತು. ಅಪ್ಪ ಸುಮ್ಮನೆ ನಗುತ್ತಿದ್ದರು. ನನ್ನನ್ನು ಉಳಿಸಲು ತಮ್ಮ ಮರ್ಯಾದೆಯನ್ನೇ ಬಿಟ್ಟುಕೊಟ್ಟಿದ್ದರು.

ನನ್ನನ್ನು ಒಂದು ಮಾತೂ ಕೇಳಲಿಲ್ಲ. ಗೆಳೆಯರು ಹೋದ ಮೇಲೆ ಹಾರವನ್ನು ಅಮ್ಮನ ಫೋಟೋಗೆ ಹಾಕಿ ಹೇಳಿದ್ದಿಷ್ಟೇ: "ಅಂಗಿ ಚಿತ್ರ ಚೆನ್ನಾಗಿ ಬಂದಿದ್ಯಂತೆ. ಪುಟ್ಟಸ್ವಾಮಿ ಸೊಸೆ ಹೇಳಿದ್ಲಂತೆ."

ಆಗಲಾದರೂ ನಿಮಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಭಾನುವಾರ "ಅಪ್ಪನ ಟಿಫನ್ ಕ್ಯಾರಿಯರ್" ಕಳಿಸಿದೆ. ಅದರ ಮುಂದಿನ ವಾರ ಚಪ್ಪಲಿ. ಅವರ ಒಂದೊಂದೇ ವಸ್ತುವನ್ನು ತೆಗೆದುಕೊಂಡೆ, ಅವರು ಒಂದೊಂದನ್ನೂ ಒರೆಸಿ ಕೊಟ್ಟರು.

ಆ ವರ್ಷವೇ ಒಂದು ಬೆಳಿಗ್ಗೆ ಎದೆನೋವು ಎಂದು ಕೂತವರು ಏಳಲಿಲ್ಲ. ಮೊದಲು ಪುಟ್ಟಸ್ವಾಮಿ ಅಂಕಲ್‌ಗೆ ಫೋನ್ ಮಾಡಿದೆ. "ಅಂಕಲ್, ಅಪ್ಪ ಹೋಗ್ಬಿಟ್ರು" ಎಂದೆ.

ಅವರು ಜೋರಾಗಿ ನಕ್ಕರು. "ಮತ್ತೆ ಕಾಗೆ ಮುಟ್ತಾ? ಕೊಡವ್ವ ಅವನಿಗೆ ಫೋನು!"

ಇಲ್ಲ ಅಂಕಲ್, ಈ ಸಲ ನಿಜ — ಇಷ್ಟು ಹೇಳಿದ್ದರೆ ಸಾಕಿತ್ತು. ಈ ಸಲ ನಿಜ ಎಂದರೆ ಆ ಸಲದ ಸುಳ್ಳು ಯಾರದೆಂಬ ಮಾತೂ ಬರುತ್ತದೆಂದು ಹೆದರಿದೆ. ನಾನು ಫೋನ್ ಇಟ್ಟುಬಿಟ್ಟೆ. ಅವರು ಉಳಿದವರಿಗೂ ಹೇಳಿದರಂತೆ, ಕಾಗೆದು ಮತ್ತೆ ಅದೇ ನಾಟಕ, ಯಾರೂ ಓಡಬೇಡಿ ಎಂದು. ಅಪ್ಪನಿಗೆ ಹೆಗಲು ಕೊಟ್ಟವರು ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಹುಡುಗರು, ಅಪ್ಪನ ಹೆಸರೂ ಸರಿಯಾಗಿ ಗೊತ್ತಿಲ್ಲದವರು. ಸುದ್ದಿ ಖಚಿತವಾಗಿ ಗೆಳೆಯರು ಓಡಿಬರುವಷ್ಟರಲ್ಲಿ ಚಿತಾಗಾರದಲ್ಲಿ ಎಲ್ಲ ಮುಗಿದಿತ್ತು. ಪುಟ್ಟಸ್ವಾಮಿ ಅಂಕಲ್ ಗೇಟಿನ ಹತ್ತಿರವೇ ಕುಸಿದು ಕೂತು ತಲೆ ಚಚ್ಚಿಕೊಂಡರು. "ನಾನು ನಕ್ಬಿಟ್ನಲ್ಲವ್ವಾ, ನಕ್ಬಿಟ್ನಲ್ಲಾ..." ತಪ್ಪು ತಮ್ಮದೆಂದು ಅವರು ಇವತ್ತಿಗೂ ತಿಳಿದಿದ್ದಾರೆ. ನಾನು ತಿಳಿಯಲು ಬಿಟ್ಟಿದ್ದೇನೆ.

ಅದಾದ ಮೇಲೆ ನಿಮಗೆ ಪತ್ರ ಬರಲಿಲ್ಲ. ಏನೆಂದು ಬರೆಯಲಿ? ನೀವು ಆಗಲೇ ಅತ್ತು ಮುಗಿಸಿದ್ದಿರಿ.

ಈ ಪತ್ರವನ್ನು ಕನ್ನಡದಲ್ಲಿ ಬರೆದದ್ದೇಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇದನ್ನು ಮೊದಲು ಕೇಳಬೇಕಾದ ಅಪ್ಪನ ಗೆಳೆಯರು ಪಾರ್ಕಿನ ಬೆಂಚಿನ ಮೇಲೆ ಕೂತಿರುತ್ತಾರೆ. ನಾನೇ ತೆಗೆದುಕೊಂಡು ಹೋಗಿ ಅವರೆಲ್ಲರ ಮುಂದೆ ನಿಂತು ಓದುತ್ತೇನೆ, ಆಮೇಲೆ ನಿಮಗೆ ಕಳಿಸುತ್ತೇನೆ. ಅವರು ಉಗಿಯಲಿ. ನೀವು ಬೇಕಾದರೆ ಈ ನ್ಯೂಸ್‌ಲೆಟರ್ ಬಿಟ್ಟುಹೋಗಿ. ಪುಟ್ಟಸ್ವಾಮಿ ಅಂಕಲ್, ನೀವು ನಕ್ಕದ್ದರಲ್ಲಿ ಏನೂ ತಪ್ಪಿಲ್ಲ. ಅಪ್ಪನ ತಲೆಗೆ ಯಾವ ಕಾಗೆಯೂ ಮುಟ್ಟಿರಲಿಲ್ಲ.